ಬೋರ್ ಮಾಡಿಸಿದರೆ ಸಾಲದು, ಜೆಟ್ ಕೂರಿಸಬೇಕು

ಚನ್ನಗಿರಿ ತಾಲ್ಲೂಕಿನ ನಲ್ಲೂರು ಸೀಮೆಯಲ್ಲಿ ಟೂ ಸ್ಟ್ರೋಕ್ ಎಂಜಿನ್ ಇನ್ನೂ ದುಡಿಯುವ ಯಂತ್ರ. ಅಡಿಕೆ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದಲ್ಲಿ, ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ ಅದು ಇದೆ. ಕಾಲುವೆ ಏರಿ, ತೋಟದ ಬದು, ಮಳೆಗಾಲದ ಕೆಸರು ಹಾದಿಗಳಲ್ಲಿ ಹೊರೆ ಹೊತ್ತು ಓಡುವ ಹಳೆಯ ಯಮಹಾ ಆರ್‌ಎಕ್ಸ್ 100, ಯೆಜ್ಡಿಗಳಲ್ಲೂ ಇದೆ. ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ಯೆಜ್ಡಿಯಂತೂ ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಹೆಸರಿನಿಂದ ಶುರುವಾದ ವಂಶ ಅದರದು. ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಹಾಗಾಗಿ ಇವತ್ತು ರಸ್ತೆಯಲ್ಲೋ ತೋಟದಲ್ಲೋ ಕಾಣುವ ಇಂಥ ಗಾಡಿಗಳಲ್ಲಿ ಒಮ್ಮೆಯೂ ಎಂಜಿನ್ ಬಿಚ್ಚದ್ದು ಸಿಗುವುದು ಅಪರೂಪ. ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕ್ರ್ಯಾಂಕಿಗೆ ಹೊಸ ರಾಡ್ ಕಿಟ್ಟು, ಬೇರಿಂಗು, ಸೀಲು ಬದಲಿಸಿ ಸಾವಿರಾರು ರೂಪಾಯಿ ಸುರಿದ ಎಂಜಿನ್ ಸ್ವಲ್ಪ ದಿನದಲ್ಲೇ ಸೀಜ್ ಆದರೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದು ನಿಂತರೆ, ಮಾಲೀಕ ಪಿಸ್ಟನ್ನನ್ನು ಬೈಯುತ್ತಾನೆ, ಮೆಕ್ಯಾನಿಕ್ ಲೇತ್‌ನವನನ್ನು ಬೈಯುತ್ತಾನೆ, ಲೇತ್‌ನವನು ಆಯಿಲ್ ಸರಿಯಿಲ್ಲ ಅನ್ನುತ್ತಾನೆ. ಈ ಮೂವರೂ ನೋಡದೆ ಬಿಡುವ ಜಾಗ ಒಂದಿದೆ, ಕಾರ್ಬುರೇಟರಿನ ಜೆಟ್. ಎಂಜಿನ್ ಕಟ್ಟುವ ಕೆಲಸ ಬೋಲ್ಟ್ ಬಿಗಿ ಮಾಡಿದಾಗ ಮುಗಿಯುವುದಿಲ್ಲ, ಹೊಸ ಎಂಜಿನ್ನಿಗೆ ತಕ್ಕಂತೆ ಜೆಟ್ ಕೂರಿಸಿದಾಗ ಮುಗಿಯುತ್ತದೆ ಎಂಬುದು ನನ್ನ ವಾದ. ಆ ಕೆಲಸಕ್ಕೆ ಬೇರೆಯೇ ಕೂಲಿ, ಬೇರೆಯೇ ಸಮಯ, ಬೇರೆಯೇ ಕಲಿಕೆ ಬೇಕು. ಪೆಟ್ರೋಲಿನಲ್ಲಿ ಎಥನಾಲ್ ಪಾಲು ಹೆಚ್ಚಾಗಿರುವ ಈ ದಿನಗಳಲ್ಲಿ ಅದನ್ನು ಮುಂದೂಡುವಂತೆಯೇ ಇಲ್ಲ.

ಜೆಟ್ ಎಂದರೆ ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಹಿತ್ತಾಳೆ ತಿರುಪು. ಅದರ ನಡುವೆ ಒಂದು ರಂಧ್ರ, ಸಣ್ಣ ಬೈಕುಗಳಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟು. ತಲೆಯ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಕೆಲವು ಕಂಪನಿಗಳಲ್ಲಿ ಆ ನಂಬರ್ ರಂಧ್ರದ ಅಗಲ ಹೇಳಿದರೆ, ಇನ್ನು ಕೆಲವುಗಳಲ್ಲಿ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಒಂದು ಕಂಪನಿಯ 100ಕ್ಕೂ ಇನ್ನೊಂದರ 100ಕ್ಕೂ ಸಂಬಂಧ ಇರಬೇಕೆಂದಿಲ್ಲ. ಒಂದು ಮಿಲಿಮೀಟರ್ ರಂಧ್ರ 1.05 ಮಿಲಿಮೀಟರ್ ಆದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ರಂಧ್ರದ ವಿಸ್ತೀರ್ಣ ಶೇ 10ರಷ್ಟು ಹೆಚ್ಚಿರುತ್ತದೆ. ಕಟ್ಟಿಕೊಂಡ ಜೆಟ್ಟನ್ನು ಕಬ್ಬಿಣದ ತಂತಿಯಿಂದ ತಿವಿದು ಬಿಡಿಸುವುದು ಎಷ್ಟು ದೊಡ್ಡ ತಪ್ಪು ಎಂಬುದು ಇದರಿಂದಲೇ ತಿಳಿಯುತ್ತದೆ. ಮೈಲೇಜಿನ ಆಸೆಗೆ ಜೆಟ್ಟಿನೊಳಗೆ ತಾಮ್ರದ ಎಳೆ ತೂರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾದ ಸ್ಥಿತಿಯನ್ನು ಗ್ಯಾರೇಜಿನಲ್ಲಿ ರಿಚ್ ಎಂದೂ, ಪೆಟ್ರೋಲ್ ಕಡಿಮೆಯಾದದ್ದನ್ನು ಲೀನ್ ಎಂದೂ ಕರೆಯುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಕೆಳಗೆ ತನ್ನ ಪಾಡಿಗೆ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ. ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದು ಮೇಲೆ ಹೋಗಬೇಕು; ಹಾದುಹೋಗುವಾಗ ಬೇರಿಂಗು, ರಾಡು, ಪಿಸ್ಟನ್ನುಗಳನ್ನು ನೆನೆಸಿ ತಂಪು ಮಾಡಬೇಕು. ಯೆಜ್ಡಿಯಲ್ಲಿ ಟ್ಯಾಂಕಿನ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ ಜೆಟ್ ಚಿಕ್ಕದಾದರೆ ಪೆಟ್ರೋಲ್ ಜೊತೆಗೆ ಆಯಿಲೂ ಕಡಿಮೆಯಾಗುತ್ತದೆ. ಆರ್‌ಎಕ್ಸ್ 100ಕ್ಕೆ ಬೇರೆ ಆಯಿಲ್ ಟ್ಯಾಂಕೂ ಪಂಪೂ ಇವೆ, ಅಲ್ಲಿ ಕಡಿಮೆಯಾಗುವುದು ತಂಪು ಮಾತ್ರ. ಆದರೆ ಪಂಪ್ ತೆಗೆದುಹಾಕಿ ಟ್ಯಾಂಕಿಗೇ ಆಯಿಲ್ ಬೆರೆಸುವ ರೂಢಿ ಹಬ್ಬಿರುವುದರಿಂದ ಅದರ ಗತಿಯೂ ಯೆಜ್ಡಿಯದೇ ಆಗುತ್ತದೆ.

ಸರಿ, ಬಿಚ್ಚುವ ಮೊದಲು ಅದೇ ಜೆಟ್ಟಿನಲ್ಲಿ ವರ್ಷಗಟ್ಟಲೆ ಓಡಿದ ಗಾಡಿ ಬಿಚ್ಚಿ ಕಟ್ಟಿದ ಮೇಲೆ ಯಾಕೆ ಕೈಕೊಡಬೇಕು? ಜೆಟ್ಟನ್ನು ಅನುಮಾನಿಸದಿರಲು ಎಲ್ಲರೂ ಕೊಡುವ ಕಾರಣ ಇದೇ. ಉತ್ತರ ಲೋಹದಲ್ಲಿದೆ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸ್ಲೀವು ಎರಕದ ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಹೊಸದಾಗಿ ಬೋರ್ ಮಾಡಿದ ಸಿಲಿಂಡರಿನಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ಒಂದು ಮಿಲಿಮೀಟರಿನ ನೂರನೇ ಪಾಲುಗಳಲ್ಲಿ ಅಳೆಯುವಂಥದ್ದು. ಸವೆದ ಹಳೆಯ ಸಿಲಿಂಡರಿನಲ್ಲಿ ಆ ಜಾಗ ಧಾರಾಳ ಇತ್ತು, ಕಂಪ್ರೆಷನ್ ಇಳಿದಿದ್ದರಿಂದ ಬಿಸಿಯೂ ಕಡಿಮೆಯಿತ್ತು. ಲೀನ್ ಜೆಟ್ಟನ್ನು ಹಳೆಯ ಎಂಜಿನ್ ಸಹಿಸಿಕೊಂಡಿತ್ತು, ಹೊಸದು ಸಹಿಸುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಕಾರ್ಬುರೇಟರಿನ ಸೂಜಿಯೂ ಅದು ಮೇಲೆ ಕೆಳಗೆ ಆಡುವ ಹಿತ್ತಾಳೆ ಕೊಳವೆಯೂ ವರ್ಷಗಳ ಉಜ್ಜಾಟದಿಂದ ಸವೆದು ನಡುವಿನ ಸಂದು ಅಗಲವಾಗಿರುತ್ತದೆ. ಗಾಡಿ ಯಾರಿಗೂ ಗೊತ್ತಿಲ್ಲದೆ ಸ್ವಲ್ಪ ರಿಚ್ ಆಗಿ ಓಡುತ್ತಿರುತ್ತದೆ. ಎಂಜಿನ್ ಕೆಲಸದ ಜೊತೆಗೆ ಕಾರ್ಬುರೇಟರಿಗೂ ಹೊಸ ಕಿಟ್ ಹಾಕಿಸಿದರೆ ಆ ಸಂದು ಮುಚ್ಚಿಹೋಗಿ ಮಿಶ್ರಣ ತಟ್ಟನೆ ಲೀನ್ ಕಡೆಗೆ ಸರಿಯುತ್ತದೆ. ಅಂದರೆ ಬಿಸಿ ಹೆಚ್ಚು ಹುಟ್ಟುವ, ಜಾಗ ಕಡಿಮೆ ಇರುವ ಎಂಜಿನ್ನಿಗೆ ಮೊದಲಿಗಿಂತ ಕಡಿಮೆ ಪೆಟ್ರೋಲ್ ಕೊಟ್ಟು ಕಳಿಸಿದ ಹಾಗಾಯಿತು. ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉದ್ದುದ್ದ ಗೀರು ಬಿದ್ದು ಹೊರಬಂದರೆ ಮೊದಲ ಅನುಮಾನ ಅತಿ ಬಿಸಿಯ ಮೇಲೆ ಬೀಳಬೇಕು.

ನಮ್ಮ ಕಡೆ ಟ್ಯೂನಿಂಗ್ ಎಂದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಏರ್ ಸ್ಕ್ರೂ ತಿರುವಿ, ಐಡ್ಲಿಂಗ್ ಕೂರಿಸಿ, ಎರಡು ಸಲ ರೈಸ್ ಮಾಡಿ ಕೊಡುವುದು. ಇದರಲ್ಲಿರುವ ದೋಷ ಕಾರ್ಬುರೇಟರ್ ಕೆಲಸ ಮಾಡುವ ರೀತಿಯಲ್ಲೇ ಕಾಣುತ್ತದೆ. ಆಕ್ಸಿಲರೇಟರ್ ಮುಚ್ಚಿದಲ್ಲಿಂದ ಎಂಟನೇ ಒಂದು ಪಾಲು ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂಗಳ ಆಳ್ವಿಕೆ. ಅಲ್ಲಿಂದ ಕಾಲು ಪಾಲಿನವರೆಗೆ ಆಕ್ಸಿಲರೇಟರ್ ಎತ್ತುವ ಸ್ಲೈಡಿನ ಬುಡದಲ್ಲಿ ಓರೆಯಾಗಿ ಕತ್ತರಿಸಿರುವ ಅಂಚಿನದು. ಕಾಲು ಪಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಅದರ ಕೊಳವೆಯದು. ಮುಕ್ಕಾಲು ದಾಟಿದ ಮೇಲಷ್ಟೇ ಮೇನ್ ಜೆಟ್ಟಿನದು. ಒಂದರ ಗಡಿ ಇನ್ನೊಂದರೊಳಗೆ ಸ್ವಲ್ಪ ನುಗ್ಗಿರುತ್ತದೆ ನಿಜ, ಆದರೆ ಏರ್ ಸ್ಕ್ರೂ ಎಷ್ಟು ತಿರುವಿದರೂ ಮುಕ್ಕಾಲು ರೈಸಿನಲ್ಲಿ ಲೀನ್ ಇರುವ ಎಂಜಿನ್ ಸರಿಹೋಗದು. ಡಾಂಬರು ಬಿಟ್ಟು ಮಣ್ಣಿಗೆ ಇಳಿದ ಗಾಡಿ ದಿನದ ಬಹುಪಾಲನ್ನು ಕಳೆಯುವುದು ಕಾಲು ಮತ್ತು ಮುಕ್ಕಾಲಿನ ನಡುವೆ: ಎರಡನೇ ಗೇರಿನಲ್ಲಿ ಕೆಸರು ಎಳೆಯುತ್ತ, ಏರಿ ಹತ್ತುತ್ತ, ಹೊರೆ ಹೊತ್ತು ನಿಧಾನ ಸಾಗುತ್ತ. ವೇಗ ಕಡಿಮೆ, ಎಂಜಿನ್ನಿಗೆ ತಾಗುವ ಗಾಳಿ ಕಡಿಮೆ, ಕೆಲಸ ಮಾತ್ರ ಜಾಸ್ತಿ. ಆರ್‌ಎಕ್ಸ್ 100ರಂಥ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನಿಗೆ ಇದಕ್ಕಿಂತ ಕಷ್ಟದ ದುಡಿಮೆ ಇಲ್ಲ. ಆ ದುಡಿಮೆಯಲ್ಲಿ ಎಂಜಿನ್ ಬದುಕುವುದು ಸೂಜಿಯ ಮೇಲೆ. ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿರುತ್ತವೆ, ಅವುಗಳಲ್ಲೊಂದಕ್ಕೆ ಚಿಕ್ಕ ಕ್ಲಿಪ್ ಸಿಕ್ಕಿಸಿರುತ್ತದೆ. ಕ್ಲಿಪ್ ಒಂದು ಗೀರು ಕೆಳಗಿಳಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಮೇಲೆ ಹೋದರೆ ಲೀನ್. ಇದನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಪರೀಕ್ಷಿಸಲಾಗದು, ಹೊರೆಯಿಟ್ಟು ಮಣ್ಣಿನಲ್ಲಿ ಓಡಿಸಿಯೇ ನೋಡಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದೊಂದಾಗಿ ನೋಡಿದರೆ ಸಣ್ಣವೆನಿಸುವ ವ್ಯತ್ಯಾಸಗಳು ಒಂದೇ ದಿಕ್ಕಿಗೆ ಕೂಡಿಕೊಂಡಾಗಲೇ ಎಂಜಿನ್ ಹೋಗುವುದು. ದಾವಣಗೆರೆ ಸೀಮೆಯ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಕೂರಿಸಿದ ಕಾರ್ಬುರೇಟರನ್ನು ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಓಡಿಸಿದರೆ ಗಾಳಿ ಶೇ 8ರಷ್ಟು ಹೆಚ್ಚು ಸಾಂದ್ರವಾಗಿರುತ್ತದೆ. ಕಾರ್ಬುರೇಟರ್ ಅದರ ಅರ್ಧದಷ್ಟನ್ನು ತಾನೇ ಸರಿತೂಗಿಸಿಕೊಂಡರೂ ಮಿಶ್ರಣ ಶೇ 4ರಷ್ಟು ಲೀನ್ ಆಗುತ್ತದೆ. ಎತ್ತರವೂ ಹೀಗೆಯೇ, ನೂರು ಮೀಟರ್ ಮೇಲೇರಿದರೆ ಗಾಳಿ ಸುಮಾರು ಶೇ 1ರಷ್ಟು ತೆಳುವಾಗುತ್ತದೆ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಮಣ್ಣುಹಾದಿಯಲ್ಲಿ ಚೆನ್ನಾಗಿ ಎಳೆಯುವಂತೆ ಜೆಟ್ ಇಳಿಸಿಕೊಂಡವರು ಅದೇ ಜೆಟ್ಟಿನಲ್ಲಿ ಘಟ್ಟ ಇಳಿದು ಉಡುಪಿಯ ಕಡೆ ಹೋದರೆ ಶೇ 7ರಷ್ಟು ಲೀನ್ ಆಗಿರುತ್ತಾರೆ. ಹೊಸ ಎಂಜಿನ್ ಎಂಬ ಕಾಳಜಿಯಿಂದ ಲೀಟರಿಗೆ 25 ಮಿಲಿಲೀಟರ್ ಆಯಿಲ್ ಹಾಕುವ ಕಡೆ 50 ಹಾಕಿದರೂ ಇದೇ ಕಥೆ. ಜೆಟ್ಟಿನಲ್ಲಿ ಹರಿಯುವ ದ್ರವದಲ್ಲಿ ಆಯಿಲಿನ ಪಾಲು ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗಲೇಬೇಕು, ಶೇ 97.6 ಇದ್ದದ್ದು 95.2ಕ್ಕೆ ಇಳಿಯುತ್ತದೆ. ಆಯಿಲ್ ಹೆಚ್ಚು ಹಾಕುವುದು ತಪ್ಪಲ್ಲ. ಹಾಕಿದಾಗ ಜೆಟ್ಟನ್ನೂ ಏರಿಸಬೇಕು ಎಂಬುದನ್ನು ಮರೆಯುವುದು ತಪ್ಪು. ಸದ್ದಿಗಾಗಿ ಸೈಲೆನ್ಸರ್ ಬದಲಿಸಿದರೆ, ಏರ್ ಫಿಲ್ಟರ್ ತೆಗೆದೆಸೆದರೆ ಆಗುವ ವ್ಯತ್ಯಾಸ ಇವೆಲ್ಲಕ್ಕಿಂತ ದೊಡ್ಡದು. ಆದರೆ ಫಿಲ್ಟರ್ ತೆಗೆದ ಗಾಡಿಯನ್ನು ನಮ್ಮ ಧೂಳಿಗೆ ಇಳಿಸಿದರೆ ಜೆಟ್ಟಿನ ಪ್ರಶ್ನೆ ಬರುವ ಮೊದಲೇ ಹೊಸ ಬೋರ್ ಸವೆದುಹೋಗುತ್ತದೆ, ಅದನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ಇವೆಲ್ಲದರ ಮೇಲೆ ಬಂದು ಕೂತಿರುವುದು ಎಥನಾಲ್. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. 2025ರ ಹೊತ್ತಿಗೆ ದೇಶದಾದ್ಯಂತ ಬಂಕುಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಅದೇ ಆಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಗೆ ಈ ನೀತಿಯಿಂದ ಲಾಭವಿದೆ. ಅದರ ವಿರುದ್ಧ ನನ್ನ ತಕರಾರಿಲ್ಲ. ಆದರೆ ರಸಾಯನಶಾಸ್ತ್ರಕ್ಕೆ ನೀತಿ ಗೊತ್ತಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಐದನೇ ಒಂದು ಪಾಲು ಎಥನಾಲ್ ಇರುವ ಮಿಶ್ರಣಕ್ಕೆ ಈ ಲೆಕ್ಕ 13.5ರ ಆಸುಪಾಸಿಗೆ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಹರಿಯಬೇಕು. ಶುದ್ಧ ಪೆಟ್ರೋಲಿಗೆಂದು 1980ರ ದಶಕದಲ್ಲಿ ಕಾರ್ಖಾನೆ ಕೂರಿಸಿದ ಜೆಟ್ಟಿನ ರಂಧ್ರಕ್ಕೆ ಇದು ತಿಳಿಯುವುದಿಲ್ಲ, ಅದು ಮೊದಲಿನಷ್ಟನ್ನೇ ಬಿಡುತ್ತದೆ. ಶೇ 10ರ ಮಿಶ್ರಣ ಇದ್ದ ಕಾಲದಲ್ಲಿ ಜೆಟ್ ಹೊಂದಿಸಿಕೊಂಡವರಿಗೂ ಇನ್ನೊಂದು ಶೇ 4ರಷ್ಟು ಕೊರತೆ ಬಿದ್ದಿದೆ. ಎಥನಾಲ್ ಆವಿಯಾಗುವಾಗ ಹೆಚ್ಚು ಬಿಸಿ ಹೀರುತ್ತದೆ, ಅದರ ಆಕ್ಟೇನ್ ಹೆಚ್ಚು, ಹಾಗಾಗಿ ಎಂಜಿನ್ನಿಗೆ ಒಳ್ಳೆಯದೇ ಎಂಬ ಮಾತೂ ಇದೆ. ಎರಡೂ ನಿಜ. ಆದರೆ ಆ ಗುಣಗಳು ಕೆಲಸಕ್ಕೆ ಬರುವುದು ಬೇಕಾದಷ್ಟು ಪ್ರಮಾಣ ಸಿಲಿಂಡರಿಗೆ ತಲುಪಿದಾಗ. ಇಷ್ಟು ಮಾತ್ರವಲ್ಲ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಗೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ನೀರಿನಂಶ ಹೆಚ್ಚಾದರೆ ಎಥನಾಲ್ ನೀರಿನೊಡನೆ ಬೇರೆಯಾಗಿ ತಳ ಸೇರುತ್ತದೆ. ಪೆಟ್ರೋಲ್ ಕಾಕ್ ಮೊದಲು ಎಳೆಯುವುದು ಆ ತಳದ್ದನ್ನೇ, ಅದರಲ್ಲಿ ಆಯಿಲ್ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಡಿಸೆಂಬರ್ ಚಳಿ, ಹೆಚ್ಚುವರಿ ಆಯಿಲ್, ಎಥನಾಲ್ ಮೂರನ್ನು ಕೂಡಿಸಿದರೆ ಕೊರತೆ ಶೇ 10 ದಾಟುತ್ತದೆ. ಹೊಸ ಪಿಸ್ಟನ್ನಿಗೆ ಅದೇ ಸಾಕು.

ಇದಕ್ಕೆ ಮೊದಲ ಆಕ್ಷೇಪ ಮೈಲೇಜಿನದು. ಜೆಟ್ ಏರಿಸಿದರೆ ಗಾಡಿ ಪೆಟ್ರೋಲ್ ಕುಡಿಯುತ್ತದೆ, ಲೀಟರಿಗೆ ನೂರು ರೂಪಾಯಿಯ ಆಸುಪಾಸು ಇರುವಾಗ ಇದು ಯಾರಿಗೆ ಬೇಕು ಎನ್ನುತ್ತಾರೆ. ಬಡವನ ಈ ಮಾತನ್ನು ಹಗುರವಾಗಿ ತಳ್ಳಬಾರದು. ಆದರೆ ಲೆಕ್ಕ ಪೂರ್ತಿ ಮಾಡಬೇಕು. ತಿಂಗಳಿಗೆ ಇಪ್ಪತ್ತು ಲೀಟರ್ ಹಾಕುವವನಿಗೆ ಶೇ 8ರಷ್ಟು ಹೆಚ್ಚು ಖರ್ಚಾದರೆ ತಿಂಗಳಿಗೆ ನೂರಾ ಅರವತ್ತು ರೂಪಾಯಿ. ಒಂದು ಸಲ ಸೀಜ್ ಆದರೆ ಬೋರು, ಪಿಸ್ಟನ್, ಗ್ಯಾಸ್ಕೆಟ್, ಕೂಲಿ, ಜೊತೆಗೆ ಕೊಯ್ಲಿನ ಹೊತ್ತಿನಲ್ಲಿ ಗಾಡಿ ಇಲ್ಲದ ದಿನಗಳು. ಎಷ್ಟೋ ತಿಂಗಳ ಉಳಿತಾಯ ಒಂದೇ ದಿನ ಹೋಗುತ್ತದೆ. ಮೇಲಾಗಿ, ಲೀನ್ ಮಾಡಿದರೆ ಮೈಲೇಜ್ ಏರುತ್ತದೆಂಬುದೇ ಅರ್ಧ ಸತ್ಯ. ಎಂಜಿನ್ ಎಳೆಯದಿದ್ದಾಗ ಸವಾರ ಆಕ್ಸಿಲರೇಟರ್ ಇನ್ನಷ್ಟು ತಿರುವುತ್ತಾನೆ, ಗೇರ್ ಇಳಿಸುತ್ತಾನೆ, ಉಳಿಸಿದ್ದು ಅಲ್ಲೇ ಖರ್ಚಾಗುತ್ತದೆ. ಎಥನಾಲ್ ಮಿಶ್ರಣದಿಂದ ದ್ವಿಚಕ್ರ ವಾಹನಗಳ ಇಂಧನ ಕ್ಷಮತೆ ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಹೇಳಿತ್ತು. ಆ ಇಳಿಕೆ ಇಂಧನದ ಗುಣದ್ದು. ಅದನ್ನು ಜೆಟ್ ಚಿಕ್ಕದು ಮಾಡಿ ಮರಳಿ ಪಡೆಯಲು ಹೊರಟರೆ ಬೆಲೆ ತೆರುವುದು ಪಿಸ್ಟನ್. ಮೈಲೇಜ್ ಬೇಕೆಂದರೆ ಟಯರಿಗೆ ಸರಿಯಾದ ಗಾಳಿ, ಚೈನಿಗೆ ಎಣ್ಣೆ, ಹಿಡಿದುಕೊಳ್ಳದ ಬ್ರೇಕು, ಶುದ್ಧ ಫಿಲ್ಟರು, ಸರಿಯಾದ ಟೈಮಿಂಗ್ ಮೊದಲು ನೋಡಲಿ. ಜೆಟ್ಟಿಗೆ ಕೈ ಹಾಕುವುದು ಬೇಡ.

ಎರಡನೆಯದು ಅನುಭವಿ ಮೆಕ್ಯಾನಿಕ್‌ಗಳ ಆಕ್ಷೇಪ, ನಾನು ಹೆಚ್ಚು ಗೌರವಿಸುವುದು ಇದನ್ನೇ. ಸದ್ದು ಕೇಳಿಯೇ ಹೇಳುತ್ತೇವೆ, ಈ ಲೆಕ್ಕಾಚಾರ ಯಾಕೆ ಎನ್ನುತ್ತಾರೆ. ಅವರ ಕಿವಿ ಸುಳ್ಳು ಹೇಳುವುದಿಲ್ಲ. ರಿಚ್ ಆದ ಟೂ ಸ್ಟ್ರೋಕ್ ಒಂದು ಬಿಟ್ಟು ಒಂದು ಸಲ ಹೊತ್ತಿಕೊಂಡು ಗುಡುಗುಡು ಎನ್ನುವುದನ್ನೂ, ಲೀನ್ ಆದದ್ದು ಕೈ ಬಿಟ್ಟ ಮೇಲೂ ರೈಸಿನಲ್ಲೇ ನಿಂತು ನಿಧಾನ ಇಳಿಯುವುದನ್ನೂ ಅವರು ಗೋಡೆಯಾಚೆಯಿಂದಲೇ ಗುರುತಿಸುತ್ತಾರೆ. ತೊಂದರೆ ಎಂದರೆ, ಲೀನ್ ಎಂಜಿನ್ ಕೆಡುವ ಮೊದಲು ಅತ್ಯಂತ ಚುರುಕಾಗಿ ಕೇಳಿಸುತ್ತದೆ. ಸದ್ದು ಗರಿಗರಿಯಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ, ಗಾಡಿ ಹಗುರವಾದಂತೆ ಅನಿಸುತ್ತದೆ. ಕಿವಿ ಮೆಚ್ಚುವ ಗಡಿಯಾಚೆಗೇ ಅಪಾಯ ಇರುವುದರಿಂದ ಕಿವಿಯ ಜೊತೆ ಕಣ್ಣೂ ಬೇಕು. ಅದಕ್ಕೆ ಹಳೆಯ ವಿಧಾನವೇ ಇದೆ. ಹೊಸ ಪ್ಲಗ್ ಹಾಕಿ, ಎಂಜಿನ್ ಕಾದ ಮೇಲೆ ನೇರ ಖಾಲಿ ದಾರಿಯಲ್ಲಿ ಯಾವ ಹಂತ ಪರೀಕ್ಷಿಸಬೇಕೋ ಆ ರೈಸಿನಲ್ಲೇ ಸ್ವಲ್ಪ ದೂರ ಎಳೆದು, ಆಕ್ಸಿಲರೇಟರ್ ಇಳಿಸದೆಯೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ನಿಂತು, ಪ್ಲಗ್ ಬಿಚ್ಚಿ ನೋಡುವುದು. ಐಡ್ಲಿಂಗಿನಲ್ಲಿ ಅಂಗಡಿಯವರೆಗೆ ಓಡಿಸಿ ತಂದು ಬಿಚ್ಚಿದ ಪ್ಲಗ್ ಐಡ್ಲಿಂಗಿನ ಬಣ್ಣವನ್ನಷ್ಟೇ ತೋರಿಸುತ್ತದೆ. ನೋಡಬೇಕಾದ್ದು ತುದಿಯನ್ನಲ್ಲ, ಬಿಳಿ ಪಿಂಗಾಣಿ ಒಳಗೆ ಲೋಹವನ್ನು ಸೇರುವ ಆಳದ ಬುಡವನ್ನು. ಅಲ್ಲಿ ಕಂದು ಬಣ್ಣದ ಉಂಗುರ ಕಂಡರೆ ಸರಿ, ಒದ್ದೆ ಕಪ್ಪಿದ್ದರೆ ರಿಚ್. ಉಂಗುರವೇ ಇಲ್ಲದೆ ಬಿಳಿ ಬಿಳಿಯಾಗಿ ಚಿಕ್ಕ ಬೆಳ್ಳಿ ಚುಕ್ಕೆಗಳು ಕಂಡರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಹಾರುತ್ತಿದೆ ಎಂದರ್ಥ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು. ಎಥನಾಲ್ ಬಂದ ಮೇಲೆ ಪ್ಲಗ್ಗಿನ ಬಣ್ಣ ಮೊದಲಿಗಿಂತ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಹಳೆಯ ಅಂದಾಜಿನಲ್ಲೇ ತೀರ್ಮಾನ ಮಾಡುವವರು ಎಚ್ಚರ ವಹಿಸಬೇಕು, ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ನಂಬರ್ ಇಳಿಸಬೇಕು. ಚಿಕ್ಕದರಿಂದ ಶುರುಮಾಡಿ ಏರಿಸಲು ಹೋದರೆ ಸರಿಯಾದ ನಂಬರ್ ಸಿಗುವ ಮೊದಲು ಪಿಸ್ಟನ್ ಹೋಗಿರುತ್ತದೆ.

ಪಟ್ಟಣದ ಓದುಗರು ಎತ್ತುವ ಪ್ರಶ್ನೆ ಬೇರೆ: ಹೊಗೆ ಕಾರುವ ಈ ಎಂಜಿನ್ನುಗಳನ್ನು ಉಳಿಸುವುದಾದರೂ ಯಾಕೆ? ಟೂ ಸ್ಟ್ರೋಕಿನಲ್ಲಿ ಒಳಬಂದ ಹೊಸ ಮಿಶ್ರಣದ ಗಣನೀಯ ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಹೋಗುತ್ತದೆ, ಅದನ್ನು ಯಾವ ಜೆಟ್ಟೂ ತಡೆಯಲಾರದು. ಬೆಂಗಳೂರಿನ ಟೂ ಸ್ಟ್ರೋಕ್ ಆಟೊಗಳನ್ನು ಗುಜರಿಗೆ ಕಳಿಸಲು ಸರ್ಕಾರ ಸಹಾಯಧನ ಕೊಟ್ಟದ್ದು ಸರಿಯಾದ ಕ್ರಮ. ಸಾವಿರಾರು ಆಟೊಗಳು ದಿನವಿಡೀ ಒಂದೇ ಊರಿನ ಗಾಳಿಯಲ್ಲಿ ಓಡುವುದಕ್ಕೂ ತೋಟದ ಹಾದಿಯಲ್ಲಿ ದಿನಕ್ಕೆ ನಾಲ್ಕು ಮೈಲಿ ಓಡುವ ಹಳೆಯ ಬೈಕಿಗೂ ವ್ಯತ್ಯಾಸವಿದೆ. ಈ ಗಾಡಿ ಇರುವವನು ನಾಳೆಯೇ ಅದನ್ನು ಬಿಟ್ಟು ವಿದ್ಯುತ್ ಬೈಕ್ ಕೊಳ್ಳುವುದಿಲ್ಲ. ಅದು ಓಡುತ್ತಲೇ ಇರುತ್ತದೆ, ಪ್ರಶ್ನೆ ಸರಿಯಾಗಿ ಓಡುತ್ತದೋ ಕೆಟ್ಟು ಓಡುತ್ತದೋ ಎಂಬುದು. ಅಳತೆ ಮೀರಿ ರಿಚ್ ಆದ ಗಾಡಿ ಹೊಗೆಯನ್ನೂ ಉರಿಯದ ಪೆಟ್ರೋಲನ್ನೂ ಹೆಚ್ಚು ಬಿಡುತ್ತದೆ. ಲೀನ್ ಆಗಿ ಸೀಜ್ ಆದದ್ದು ಗೀರು ಬಿದ್ದ ಸಿಲಿಂಡರಿನಲ್ಲಿ ಕಂಪ್ರೆಷನ್ ಕಳೆದುಕೊಂಡು ಎಳೆಯಲಾರದೆ ಅಷ್ಟೇ ಕೆಟ್ಟದಾಗಿ ಉರಿಯುತ್ತದೆ. ನಾನು ಕೇಳುತ್ತಿರುವುದು ರಿಚ್ ಮಾಡಿ ಎಂದಲ್ಲ, ಅಳೆದು ಸರಿ ಮಾಡಿ ಎಂದು. ಪರಿಸರದ ಕಾಳಜಿ ಇರುವವರಿಗೂ ಬೇಕಾದ್ದು ಅದೇ.

ಕಂಪ್ಯೂಟರ್ ಇರುವ ಕಾಲದಲ್ಲಿ ಹಿತ್ತಾಳೆ ಜೆಟ್ಟಿನ ವಿದ್ಯೆ ಕಲಿಸಿ ಏನು ಫಲ ಎನ್ನುವವರೂ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದಾಗ ಅವರ ಬೈಕಿನಲ್ಲಿ ಫ್ಯುಯೆಲ್ ಇಂಜೆಕ್ಷನ್ ಇತ್ತು, ಎತ್ತರ ಬದಲಾದಂತೆ, ಬಿಸಿಲು ಚಳಿ ಬದಲಾದಂತೆ ಪೆಟ್ರೋಲನ್ನು ಅದೇ ಹೊಂದಿಸಿಕೊಳ್ಳುತ್ತಿತ್ತು. 2017ರ ಹೊತ್ತಿಗೆ ಆಸ್ಟ್ರಿಯಾದ ಕೆಟಿಎಂ ಕಂಪನಿ ಮಣ್ಣಿನ ಹಾದಿಯ ಟೂ ಸ್ಟ್ರೋಕ್ ಬೈಕುಗಳಿಗೇ ಇಂಜೆಕ್ಷನ್ ತಂದಿತು. ಇವೆಲ್ಲ ನನ್ನ ವಾದಕ್ಕೆ ಬಲವನ್ನೇ ಕೊಡುತ್ತವೆ. ಮಿಶ್ರಣ ಸರಿಯಿರುವುದು ಎಷ್ಟು ಮುಖ್ಯ ಎಂಬುದು ಗೊತ್ತಿದ್ದರಿಂದಲೇ ಅಷ್ಟು ಹಣ ಸುರಿದು ಅದನ್ನು ಯಂತ್ರಕ್ಕೆ ಒಪ್ಪಿಸಿದರು. ನಮ್ಮ ಹಳೆಯ ಗಾಡಿಯಲ್ಲಿ ಆ ಯಂತ್ರವಿಲ್ಲ. ಆ ಕೆಲಸವನ್ನು ಮನುಷ್ಯ ಮಾಡಬೇಕು, ಕನಿಷ್ಠ ಎಂಜಿನ್ ಕಟ್ಟಿದಾಗಲೊಮ್ಮೆ, ಬೇಸಿಗೆಯಿಂದ ಚಳಿಗಾಲಕ್ಕೆ ತಿರುಗುವಾಗಲೊಮ್ಮೆ. ಕಳೆ ಕತ್ತರಿಸುವ ಯಂತ್ರದ ಕಾರ್ಬುರೇಟರಿನಲ್ಲಿ ಬದಲಿಸುವ ಜೆಟ್ಟುಗಳಿಲ್ಲ, ಬಹುಪಾಲು ಮಾದರಿಗಳಲ್ಲಿ ಎರಡು ಪುಟ್ಟ ಸ್ಕ್ರೂಗಳಿವೆ, ಒಂದು ನಿಧಾನ ವೇಗಕ್ಕೆ, ಇನ್ನೊಂದು ಪೂರ್ಣ ವೇಗಕ್ಕೆ. ಪೂರ್ಣ ವೇಗದ ಸ್ಕ್ರೂವನ್ನು ಸದ್ದು ಅತ್ಯಂತ ಚುರುಕಾಗುವಲ್ಲಿಗೆ ತಂದು ಬಿಡುವವರು ತಮ್ಮ ಯಂತ್ರವನ್ನು ಲೀನ್ ಅಂಚಿನಲ್ಲಿ ನಿಲ್ಲಿಸುತ್ತಿದ್ದಾರೆ. ಅಲ್ಲಿಂದ ಸದ್ದು ಸ್ವಲ್ಪ ಒರಟಾಗುವವರೆಗೆ ಹಿಂದಕ್ಕೆ ಬಿಡಿಸಬೇಕು.

ಹಾಗಾದರೆ ಆಗಬೇಕಾದ್ದೇನು? ಮೊದಲು, ಜೆಟ್ಟಿಗೆ ಕೈ ಹಾಕುವ ಮುನ್ನ ಎಂಜಿನ್ ಎಲ್ಲಿಂದಲೂ ಕಳ್ಳಗಾಳಿ ಎಳೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕ್ರ್ಯಾಂಕ್ ಸೀಲು, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬುರೇಟರ್ ಕೂರುವ ರಬ್ಬರ್, ಈ ಮೂರರಲ್ಲಿ ಎಲ್ಲಿ ಸೋರಿದರೂ ಯಾವ ಜೆಟ್ಟೂ ಸರಿಯಾಗದು. ಕಾರ್ಬುರೇಟರ್, ಸೈಲೆನ್ಸರ್ ಎರಡೂ ಕಡೆಯ ದ್ವಾರ ಮುಚ್ಚಿ ಆರು ಪಿಎಸ್‌ಐನಷ್ಟು ಗಾಳಿ ತುಂಬಿ ಕೆಲವು ನಿಮಿಷ ನಿಲ್ಲುತ್ತದೆಯೇ ಎಂದು ನೋಡುವ ಸಾಧನವನ್ನು ಸೈಕಲ್ ಪಂಪು, ಒಂದು ಗೇಜಿನಿಂದ ಯಾವ ಗ್ಯಾರೇಜಿನವರೂ ಮಾಡಿಕೊಳ್ಳಬಹುದು. ಆಮೇಲೆ ಕೂಲಿಯ ಮಾತು. ಎಂಜಿನ್ ಕೆಲಸದ ಬಿಲ್ಲಿನಲ್ಲಿ ಜೆಟ್ ಹೊಂದಿಸುವುದಕ್ಕೆ ಬೇರೆ ಸಾಲು ಇರಬೇಕು, ಗಿರಾಕಿ ಅದಕ್ಕೆ ಮುಖ ಗಂಟಿಕ್ಕದೆ ದುಡ್ಡು ಕೊಡಬೇಕು. ಅರ್ಧ ದಿನ ಓಡಿಸಿ, ನಿಲ್ಲಿಸಿ, ಬಿಚ್ಚಿ, ನೋಡಿ ಮಾಡುವ ಕೆಲಸವನ್ನು ಪುಕ್ಕಟೆ ಕೇಳಿದರೆ ಯಾವ ಮೆಕ್ಯಾನಿಕ್ಕೂ ಸ್ಟ್ಯಾಂಡ್ ಮೇಲಿನ ಐಡ್ಲಿಂಗಿಗೇ ಮುಗಿಸುತ್ತಾನೆ, ಅದು ಅವನ ತಪ್ಪಲ್ಲ. ಜೊತೆಗೆ ಒಂದು ಚೀಟಿ: ಹಾಕಿದ ಮೇನ್ ಜೆಟ್ ಯಾವ ಕಂಪನಿಯದು, ಯಾವ ನಂಬರ್, ಪೈಲಟ್ ಯಾವುದು, ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿದೆ, ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ, ಆಯಿಲ್ ಲೀಟರಿಗೆ ಎಷ್ಟು, ಯಾವ ತಿಂಗಳಲ್ಲಿ ಹೊಂದಿಸಿದ್ದು. ಮುಂದಿನ ಸಲ ಬೇರೆ ಮೆಕ್ಯಾನಿಕ್ ಕೈಗೆ ಹೋದರೂ ಕತ್ತಲಲ್ಲಿ ತಡಕಾಡಬೇಕಿಲ್ಲ. ನಂಬರ್ ಅಳಿಸಿಹೋದ, ಅಳತೆ ಇಲ್ಲದ ನಕಲಿ ಜೆಟ್ಟುಗಳನ್ನು ಬಿಡಿಭಾಗದ ಅಂಗಡಿಗಳು ಮಾರುವುದು ನಿಲ್ಲಬೇಕು; ಹಿಂದೆ ಮುಂದೆ ಎರಡೆರಡು ನಂಬರಿನ ಅಸಲಿ ಜೆಟ್ಟುಗಳ ಒಂದು ಕಟ್ಟು ಇಡುವುದು ಅಂಗಡಿಯವರಿಗೆ ಭಾರವೇನಲ್ಲ. ಐಟಿಐಗಳ ದ್ವಿಚಕ್ರ, ತ್ರಿಚಕ್ರ ವಾಹನ ಮೆಕ್ಯಾನಿಕ್ ತರಬೇತಿಯಲ್ಲಿ ಕಾರ್ಬುರೇಟರನ್ನು ಬಿಚ್ಚಿ ತೊಳೆದು ಜೋಡಿಸುವುದರ ಆಚೆಗೆ, ಎಥನಾಲ್ 20ರ ಪೆಟ್ರೋಲಿಗೆ ಹಳೆಯ ಎಂಜಿನ್ನನ್ನು ಹೊಂದಿಸುವುದನ್ನು ಗಾಡಿ ಓಡಿಸಿಯೇ ಕಲಿಸಬೇಕು. ಇಂಧನವನ್ನು ಬದಲಿಸಿದ ಸರ್ಕಾರವೂ ತೈಲ ಕಂಪನಿಗಳೂ ಹಳೆಯ ಗಾಡಿಗಳ ಮಾದರಿವಾರು ಹೊಸ ಜೆಟ್ಟಿನ ಸೂಚನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಬಂಕುಗಳಲ್ಲಿ ತೂಗುಹಾಕಬೇಕು. ನೀತಿ ತಂದವರ ಮೇಲೆ ಅಷ್ಟು ಹೊಣೆ ಇದ್ದೇ ಇದೆ. ಅಲ್ಲಿಯವರೆಗೆ ನಲ್ಲೂರಿನಲ್ಲಾಗಲಿ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಾಗಲಿ ಈ ಚಳಿಗಾಲದೊಳಗೆ ಟೂ ಸ್ಟ್ರೋಕ್ ಬೋರ್ ಮಾಡಿಸುವವರು ಗಾಡಿ ಬಿಡಿಸಿಕೊಳ್ಳುವ ಮುಂಚೆ ಮೆಕ್ಯಾನಿಕ್ ಹತ್ತಿರ ಎರಡು ವಸ್ತು ಕೇಳಿ ಪಡೆಯಲಿ: ತೆಗೆದ ಹಳೆಯ ಜೆಟ್ಟು, ಮತ್ತು ಹೊರೆಯಿಟ್ಟು ಓಡಿಸಿ ಬಿಚ್ಚಿದ ಪ್ಲಗ್ಗು.